ಕ್ಯಾಮೆರಾಕ್ಕೆ ನೀರು, ಧೂಳು ತಡೆಯುವ ಮೆತ್ತನೆಯ ಚೀಲ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋಳಿ ಹತ್ತಿರ ಬಂದಾಗ ಒಮ್ಮೆ, ಮಳೆಗಾಲ ಹಿಡಿದಾಗ ಇನ್ನೊಮ್ಮೆ, ಬಾಗಲಕೋಟೆ, ಬೆಳಗಾವಿ, ವಿಜಯಪುರ ಕಡೆಯ ಗೆಳೆಯರಿಂದ ಇವೇ ಪ್ರಶ್ನೆಗಳು ಬರುತ್ತವೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಇಲ್ಲಿ ಪೂರ್ತಿ ಬರೆದಿಟ್ಟಿದ್ದೇನೆ. ಮಾರುವವರು ಈ ಚೀಲದ ಜೊತೆ ಹವಳ, ಮೀನು, ನೀಲಿ ಸಮುದ್ರದ ಚಿತ್ರ ತೋರಿಸುತ್ತಾರೆ. ಅದೂ ಸುಳ್ಳಲ್ಲ. ಆದರೆ ನಮ್ಮ ಮೂರು ಜಿಲ್ಲೆಗಳಲ್ಲಿ ಇದು ನಿಜವಾಗಿ ಕೈಹಿಡಿಯುವುದು ಓಕುಳಿಯಲ್ಲಿ, ಜಾತ್ರೆಯಲ್ಲಿ ತೂರುವ ಅರಿಸಿನದ ಭಂಡಾರದಲ್ಲಿ, ಜಲಪಾತದ ತುಂತುರಿನಲ್ಲಿ, ಎದೆಮಟ್ಟದ ತಿಳಿನೀರಿನಲ್ಲಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿರಿ. ಯಾವ ಚೀಲ ಕೊಳ್ಳಬೇಕು, ಎಷ್ಟು ಖರ್ಚು ಮಾಡಬೇಕು ಅನ್ನುವುದು ಅರ್ಧ ಅಲ್ಲಿಯೇ ತೀರ್ಮಾನವಾಗುತ್ತದೆ.

ಈ ಚೀಲ ಅಂದ್ರ ಏನ್ರಿ ಸರ? ಮೊಬೈಲ್ ಪೌಚಿಗೂ ಇದಕ್ಕೂ ಏನ್ ಫರಕು?

ದಪ್ಪ ಪಿವಿಸಿ ಹಾಳೆಯಿಂದ ಮಾಡಿದ ಪಾರದರ್ಶಕ ಚೀಲ. ಒಳ್ಳೆಯವುಗಳಲ್ಲಿ ಎರಡು ಪದರ ಕೂಡಿಸಿರುತ್ತಾರೆ. ಲೆನ್ಸಿನ ಎದುರಿಗೆ ಚಪ್ಪಟೆ ಗಾಜಿನ ಕಿಟಕಿ ಇರುತ್ತದೆ. ಬಾಯಿ ಮುಚ್ಚಲು ಹಲ್ಲು ಹಲ್ಲು ಕೂಡುವ ಪಟ್ಟಿ ಮತ್ತು ಕೈಯಿಂದಲೇ ತಿರುಗಿಸುವ ಸ್ಕ್ರೂಗಳಿರುತ್ತವೆ. ಕೆಲವಕ್ಕೆ ಸ್ಕ್ರೂ ಬದಲು ಬಾಯನ್ನು ಎರಡು ಮೂರು ಸುತ್ತು ಮಡಚಿ ಒತ್ತುವ ವ್ಯವಸ್ಥೆ. ಬಟನ್, ಜೂಮ್ ಎಲ್ಲವನ್ನೂ ಹಾಳೆಯ ಮೇಲಿಂದಲೇ ಒತ್ತಬೇಕು, ತಿರುಗಿಸಬೇಕು. ಕೆಲವು ಚೀಲಗಳಲ್ಲಿ ಬೆರಳು ತೂರಿಸಲು ಕೈಗವಸು ಒಳಕ್ಕೇ ಬೆಸೆದು ಬರುತ್ತದೆ, ಡಯಲ್ ತಿರುಗಿಸುವವರಿಗೆ ಅದು ದೊಡ್ಡ ಅನುಕೂಲ.

ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಮೊಬೈಲ್ ಪೌಚಿಗೆ ಗಾಜು ಇರುವುದಿಲ್ಲ. ಲೆನ್ಸ್ ನೋಡುವುದು ಪ್ಲಾಸ್ಟಿಕ್ ಮೂಲಕ. ಒಂದು ಸಲ ಗೀರು ಬಿದ್ದರೆ ಚಿತ್ರವೆಲ್ಲ ಮಬ್ಬು. ಕ್ಯಾಮೆರಾ ಚೀಲ ಕೊಳ್ಳುವಾಗ ನಾನು ಮೊದಲು ನೋಡುವುದು ಈ ಗಾಜು, ಆಮೇಲೆ ಬಾಯಿಯ ಪಟ್ಟಿ. ಬಣ್ಣ, ಬೆಲ್ಟು, ತೂಗುಹಾಕುವ ದಾರ ಎಲ್ಲ ನಂತರದ ಮಾತು.

ಗಟ್ಟಿ ಪೆಟ್ಟಿಗೆಯಂಥ ಹೌಸಿಂಗ್ ಇನ್ನೂ ಛಲೋ ಅಲ್ಲೇನ್ರಿ?

ಆಳಕ್ಕೆ ಇಳಿಯುವವರಿಗೆ ಹೌದು. ಆದರೆ ಅದು ಒಂದೇ ಮಾದರಿಯ ಕ್ಯಾಮೆರಾಕ್ಕೆ ಅಚ್ಚು ಹೊಯ್ದಂತೆ ತಯಾರಾಗುತ್ತದೆ. ಕ್ಯಾಮೆರಾ ಬದಲಾಯಿಸಿದರೆ ಹೌಸಿಂಗೂ ಬದಲಾಯಿಸಬೇಕು, ಬೆಲೆ ಎಷ್ಟೋ ಸಲ ಕ್ಯಾಮೆರಾವನ್ನೇ ಮೀರುತ್ತದೆ. ಮೆತ್ತನೆಯ ಚೀಲ ಅಳತೆಗೆ ಹೊಂದಿದರೆ ಸಾಕು, ಇವತ್ತು ಒಂದು ಕಂಪನಿಯದು, ನಾಳೆ ಇನ್ನೊಂದರದು ಹಾಕಬಹುದು. ಬಟ್ಟೆಯ ಬ್ಯಾಗಿನ ಸಂದಿಯಲ್ಲಿ ಕೂಡುತ್ತದೆ. ಬಾದಾಮಿ, ಪಟ್ಟದಕಲ್ಲು, ಮಹಾಕೂಟ ಬಸ್ಸಿನಲ್ಲಿ ಸುತ್ತುವವರಿಗೆ ಪೆಟ್ಟಿಗೆ ಹೊರುವ ಮಾತೇ ಬೇಡ.

ಎಷ್ಟ್ ಆಳದ ತನಕ ತಡಿತೈತಿ?

ಚೀಲದ ಮೇಲೆ ಅಥವಾ ಜೊತೆಗಿನ ಕಾಗದದಲ್ಲಿ ಮೀಟರಿನಲ್ಲಿ ಬರೆದಿರುತ್ತಾರೆ. ಹಗುರ ಚೀಲಗಳಿಗೆ ಸಾಮಾನ್ಯವಾಗಿ 5 ಮೀಟರ್, ದಪ್ಪನೆಯವುಗಳಿಗೆ 10 ಅಥವಾ 20. ಬರೀ ‘ವಾಟರ್‌ಪ್ರೂಫ್’ ಅಂತ ಬರೆದು ಮೀಟರ್ ಲೆಕ್ಕ ಕೊಡದಿದ್ದರೆ ಅದನ್ನು ಮಳೆಯ ಕವರು ಎಂದುಕೊಳ್ಳಿ.

ಕೆಲವದರ ಮೇಲೆ ಐಪಿಎಕ್ಸ್ ಎಂಬ, ನೀರು ಎಷ್ಟು ತಡೆಯುತ್ತದೆ ಎಂದು ಹೇಳುವ ಗುರುತು ಇರುತ್ತದೆ. ಐಪಿಎಕ್ಸ್ 7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ. ಐಪಿಎಕ್ಸ್ 8 ಎಂದರೆ ಅದಕ್ಕಿಂತ ಕಠಿಣ ಪರೀಕ್ಷೆ, ಆದರೆ ಎಷ್ಟು ಆಳ, ಎಷ್ಟು ಹೊತ್ತು ಎಂದು ತಯಾರಕರೇ ಹೇಳಬೇಕು. ಹೇಳದಿದ್ದರೆ ಆ 8ಕ್ಕೆ ಅರ್ಥವಿಲ್ಲ. ಮತ್ತೆ ಇವೆಲ್ಲ ನಿಂತ ಸಿಹಿನೀರಿನ ಪರೀಕ್ಷೆಗಳು. ಗೋಕಾಕಿನಲ್ಲಿ ಬಂಡೆಗೆ ಬಡಿದು ಹಾರುವ ನೀರು, ನೀರಿಗೆ ದುಮುಕುವಾಗ ಆಗುವ ಹೊಡೆತ ಇವು ಬೇರೆಯೇ.

ನನ್ನ ಕ್ಯಾಮೆರಾಕ್ಕ ಯಾವ ಸೈಜು ತಗೋಬೇಕು?

ಕ್ಯಾಮೆರಾದ ಅಗಲ, ಎತ್ತರ, ಲೆನ್ಸ್ ಪೂರ್ತಿ ಚಾಚಿದಾಗ ಉದ್ದ ಇವು ಮೂರನ್ನೂ ಟೇಪಿನಿಂದ ಅಳೆಯಿರಿ. ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸಾದರೆ ಉದ್ದವಾದ ಅಳತೆಯೇ ಲೆಕ್ಕ. ಚೀಲ ಬಿಗಿಯಾದರೆ ಬಟನ್ ಒತ್ತಲಾಗದು, ಅತಿ ಸಡಿಲವಾದರೆ ಲೆನ್ಸು ಗಾಜಿನಿಂದ ಸರಿದು ಚಿತ್ರದ ಮೂಲೆಗಳು ಕಪ್ಪಾಗುತ್ತವೆ.

ಲೆನ್ಸಿನ ಮುಂಭಾಗ ಗಾಜಿಗೆ ನೆಟ್ಟಗೆ ತಾಗಿ ಕೂಡಬೇಕು. ಅದಕ್ಕೇ ಲೆನ್ಸಿನ ತುದಿಯಲ್ಲಿ ಫಿಲ್ಟರ್ ಸಿಗಿಸುವ ತಿರುಪಿಗೆ ಕೂಡಿಸುವ ರಿಂಗ್ ಬರುತ್ತದೆ, ಕೆಲವು ಚೀಲಗಳ ಜೊತೆ ಕೊಡುತ್ತಾರೆ, ಕೆಲವಕ್ಕೆ ಬೇರೆ ಕೊಳ್ಳಬೇಕು. ಬಿಡಬೇಡಿ, ಕೊಳ್ಳಿರಿ. ಲೆನ್ಸ್ ಹುಡ್ ತೆಗೆದಿಡಿ. ಉದ್ದನೆಯ ಟೆಲಿ ಲೆನ್ಸನ್ನು ಈ ಚೀಲದಲ್ಲಿ ತುರುಕಲು ಹೋಗಬೇಡಿ. 24ರಿಂದ 35 ಮಿಲಿಮೀಟರ್ ನಾಭಿದೂರದ, ಅಗಲ ನೋಟದ ಲೆನ್ಸ್ ಇದ್ದರೆ ನೀರಿಗೂ ಅದೇ, ಓಕುಳಿಗೂ ಅದೇ.

ಹೊಸಾ ಚೀಲ ಬಂದೈತಿ. ನೇರ ನೀರಿಗೆ ಹಾಕಬಹುದೇನು?

ಬೇಡ. ಈ ಒಂದು ಉತ್ತರಕ್ಕೆ ಸ್ವಲ್ಪ ಹೊತ್ತು ಕೊಡಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಕ್ಯಾಮೆರಾ ಇಲ್ಲದೆ ಪರೀಕ್ಷೆ. ಒಳಗೆ ಬಿಳಿ ಟಿಶ್ಯೂ ಕಾಗದ ಹರಡಿ, ಸ್ವಲ್ಪ ಗಾಳಿ ಉಳಿಸಿ ಬಾಯಿ ಬಿಗಿ ಮಾಡಿ. ದೊಡ್ಡ ಬಕೆಟ್ ಅಥವಾ ಬಚ್ಚಲಮನೆಯ ಹಂಡೆಯ ನೀರಿನಲ್ಲಿ ಅಂಗೈಯಿಂದ ಒತ್ತಿ ಹಿಡಿಯಿರಿ. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನ ಬೋಗುಣಿಗೆ ಅದ್ದಿ ತಿರುವಿ ತಿರುವಿ ನೋಡುವ ಹಾಗೆ ಒಂದೊಂದೇ ಅಂಚನ್ನು ನೋಡಿ: ಗಾಜು ಕೂಡಿಸಿದ ಜಾಗ, ಬೆಸುಗೆಯ ಮೂಲೆಗಳು, ಕೈಗವಸಿನ ತುದಿ, ಬಾಯಿಯ ಪಟ್ಟಿಯ ಎರಡೂ ಕೊನೆ. ಗುಳ್ಳೆಗಳ ಸಾಲು ಎದ್ದರೆ ಅಲ್ಲಿ ತೂತಿದೆ. ಗುಳ್ಳೆ ಏಳದಿದ್ದರೂ ಚೀಲದ ಮೇಲೆ ಭಾರದ ಕಲ್ಲೋ ಇಟ್ಟಿಗೆಯೋ ಹೇರಿ ಅರ್ಧ ಗಂಟೆ ಮುಳುಗಿಸಿಡಿ. ಇಟ್ಟಿಗೆಯ ಮೊನೆ ಹಾಳೆಗೆ ತಾಗದಂತೆ ಟವೆಲ್ ಸುತ್ತಿರಿ.

ಇನ್ನು ತೆರೆಯುವುದು. ಹೆಚ್ಚಿನ ಕ್ಯಾಮೆರಾಗಳು ನೆನೆಯುವುದು ಚೀಲ ಸೋರಿ ಅಲ್ಲ, ತೆರೆಯುವಾಗ. ಬಾಯಿಯ ಪಟ್ಟಿಯ ಮಡಿಕೆಯಲ್ಲಿ ಒಂದು ಚಮಚದಷ್ಟು ನೀರು ನಿಂತಿರುತ್ತದೆ, ಸ್ಕ್ರೂ ಸಡಿಲಾದ ಕೂಡಲೇ ಅದು ನೇರ ಒಳಗೆ ಇಳಿಯುತ್ತದೆ. ಅದಕ್ಕೇ ಚೀಲ ನೀರಿನಿಂದ ತೆಗೆದ ಮೇಲೆ ಬಾಯಿ ಕೆಳಮುಖ ಮಾಡಿ ಒದರಿ, ಪಟ್ಟಿಯ ಉದ್ದಕ್ಕೂ ಒಣ ಬಟ್ಟೆ ಎಳೆಯಿರಿ. ನಿಮ್ಮ ಕೈ, ಅಂಗಿಯ ತೋಳು, ತಲೆಗೂದಲು ಒರೆಸಿಕೊಂಡು ಆಮೇಲೆ ತೆರೆಯಿರಿ. ಬಗ್ಗಿದಾಗ ಹಣೆಯ ಕೂದಲಿಂದ ತೊಟ್ಟಿಕ್ಕುವ ಹನಿಯೂ ಸಾಕು.

ಟಿಶ್ಯೂ ಗರಿಗರಿ ಒಣಗಿದ್ದರೆ ಪಾಸು. ಈ ಪರೀಕ್ಷೆ ಹೊಸ ಚೀಲಕ್ಕೆ ಮಾತ್ರ ಅಂದುಕೊಳ್ಳಬೇಡಿ. ಪ್ರತಿ ಪ್ರವಾಸದ ಹಿಂದಿನ ದಿನ ಮಾಡಿ. ನಿಮ್ಮ ಕ್ಯಾಮೆರಾದ ಬೆಲೆ ನೆನೆದರೆ ಅರ್ಧ ಗಂಟೆ ದೊಡ್ಡದೇನಲ್ಲ.

ಬಾಯಿ ಬಂದ್ ಮಾಡೂಮುಂದ ಏನ್ ನೋಡಬೇಕು?

ಒಂದು ಕೂದಲು, ಒಂದು ಮರಳಕಣ, ಟವೆಲಿನ ಒಂದು ನೂಲಿನ ಎಳೆ. ಇವುಗಳಲ್ಲಿ ಯಾವುದೊಂದು ಪಟ್ಟಿಯ ನಡುವೆ ಸಿಕ್ಕಿಕೊಂಡರೂ ಅಲ್ಲಿಂದ ನೀರು ಒಸರುತ್ತದೆ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಾಡಿಸಿ. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಮಾಡದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಿಗಿಮಾಡುತ್ತ ಹೋಗಿ. ಪಕ್ಕಡ ಹಚ್ಚಬೇಡಿ, ಕೈಬಿಗಿ ಸಾಕು.

ಒಳಗ ಗಾಳಿ ಬಿಡಬೇಕೋ, ಪೂರ್ತಿ ತೆಗೀಬೇಕೋ?

ಸ್ವಲ್ಪ ಬಿಡಬೇಕು. ಕಾರಣ ಹೀಗಿದೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಮೇಲೆ ಇದ್ದ ಗಾಳಿ 10 ಮೀಟರ್ ಆಳದಲ್ಲಿ ಅರ್ಧಕ್ಕೆ ಕುಗ್ಗುತ್ತದೆ. ಗಾಳಿ ಇಲ್ಲದ ಚೀಲ ಕ್ಯಾಮೆರಾಕ್ಕೆ ಅಂಟಿಕೊಂಡು ಬಟನ್‌ಗಳನ್ನು ತಾನೇ ಒತ್ತತೊಡಗುತ್ತದೆ, ಚಾಚಿದ ಲೆನ್ಸನ್ನು ಹಿಂದಕ್ಕೆ ದೂಡುತ್ತದೆ. ಹಾಗಂತ ಬಲೂನಿನಷ್ಟು ಊದಿದರೂ ತಾಪತ್ರಯ: ಒಂದು ಲೀಟರ್ ಗಾಳಿ ಸುಮಾರು ಒಂದು ಕೆಜಿ ಭಾರವನ್ನು ಮೇಲೆತ್ತುತ್ತದೆ, ಚೀಲ ನೀರೊಳಗೆ ಇಳಿಯುವುದೇ ಇಲ್ಲ. ಎದೆಮಟ್ಟದ ನೀರಿಗಾದರೆ ಕೈಯಿಂದ ಹೆಚ್ಚಿನ ಗಾಳಿ ಒತ್ತಿ ತೆಗೆದು, ಕೈಬಿಟ್ಟರೆ ನಿಧಾನ ಮೇಲೆ ತೇಲುವಷ್ಟು ಉಳಿಸಿಕೊಳ್ಳಿ. ನದಿಯಲ್ಲಿ ಕೈಜಾರಿದರೆ ಕ್ಯಾಮೆರಾ ಸಿಗುವುದು ಅದರಿಂದಲೇ.

ಬಾಯಿಂದ ಮಾತ್ರ ಊದಬೇಡಿ. ಉಸಿರಿನಲ್ಲಿ ತೇವವಿದೆ, ಅದೇ ಗಾಜಿನ ಮೇಲೆ ಮಂಜಾಗಿ ಕೂಡುತ್ತದೆ. ಲೆನ್ಸಿನ ಧೂಳು ಊದುವ ರಬ್ಬರ್ ಬ್ಲೋವರ್ ಇದ್ದರೆ ಅದರಿಂದ ತುಂಬಿ.

ನೀರಿಗಿಟ್ಟ ಹತ್ತ ನಿಮಿಷಕ್ಕ ಗಾಜಿಗೆ ಮಂಜ ಹಿಡೀತೈತಿ. ಯಾಕ?

ಹೊಳೆದಂಡೆಯ ಬಿಸಿ, ತೇವದ ಗಾಳಿಯನ್ನು ಚೀಲದೊಳಗೆ ಹಾಕಿ ಮುಚ್ಚಿದಿರಿ, ಆಮೇಲೆ ತಣ್ಣನೆಯ ನೀರಿಗೆ ಇಳಿಸಿದಿರಿ. ತೇವ ಹೋಗಿ ತಣ್ಣಗಿರುವ ಗಾಜಿನ ಮೇಲೆ ಕೂತಿತು. ಪರಿಹಾರ ಸರಳ: ಬೆಳಿಗ್ಗೆ ಮನೆಯ ಒಣ ಕೋಣೆಯಲ್ಲೇ ಕ್ಯಾಮೆರಾ ಹಾಕಿ ಬಾಯಿ ಮುಚ್ಚಿಕೊಂಡು ಹೊರಡಿ. ಒಳಗೆ ಸಿಲಿಕಾ ಜೆಲ್‌ನ ಒಂದೆರಡು ಪುಟ್ಟ ಪೊಟ್ಟಣ ಇಡಿ, ಲೆನ್ಸಿನ ಎದುರಿಗೆ ಜಾರದಂತೆ ಟೇಪ್ ಹಚ್ಚಿ. ಬಣ್ಣ ಬದಲಾಯಿಸುವ ಜೆಲ್ ಆದರೆ ನೀಲಿಯಿದ್ದದ್ದು ಗುಲಾಬಿಗೆ ತಿರುಗಿದಾಗ ಅದರ ಕೆಲಸ ಮುಗಿಯಿತು, ಮತ್ತೆ ಕಾಯಿಸಿ ಒಣಗಿಸಬೇಕು. ಆ ನೀಲಿ ಬಣ್ಣದಲ್ಲಿ ಕೋಬಾಲ್ಟ್ ಲವಣ ಇರುತ್ತದೆ, ಅದು ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ, ಅಡುಗೆಯ ಪಾತ್ರೆಯಲ್ಲಿ ಕಾಯಿಸಬೇಡಿ.

ನಮ್ ಕಡೆ ನೀರೊಳಗ ಫೋಟೋ ತೆಗೆಯೋ ಅಂಥಾ ಜಾಗ ಎಲ್ಲೈತ್ರಿ?

ಜನ ಮೊದಲು ಹೇಳುವುದು ಕೃಷ್ಣಾ, ಘಟಪ್ರಭಾ, ಮಲಪ್ರಭಾ. ಮೂರೂ ಮಳೆಗಾಲದಲ್ಲಿ ಮಣ್ಣು ಹೊತ್ತು ಹರಿಯುತ್ತವೆ, ಚೀಲ ಅದ್ದಿದರೆ ಕಂದು ಬಣ್ಣ ಬಿಟ್ಟು ಬೇರೇನೂ ಕಾಣದು. ಬೇಸಿಗೆಗೆ ತಿಳಿಯಾದರೂ ಕೈಯಳತೆಯ ಆಚೆ ಮಬ್ಬೇ. ಅದಕ್ಕಿಂತ ಮುಖ್ಯ, ಕೃಷ್ಣೆಯ ಪಾತ್ರದಲ್ಲಿ, ಆಲಮಟ್ಟಿಯ ಹಿನ್ನೀರಿನಲ್ಲಿ ಮೊಸಳೆಗಳಿವೆ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಗೊತ್ತಾಗುವುದಿಲ್ಲ, ಮೊಣಕಾಲಿನ ನೀರು ಒಂದೇ ಹೆಜ್ಜೆಗೆ ತಲೆ ಮುಳುಗುವಷ್ಟಾಗುತ್ತದೆ. ನದಿಯಲ್ಲಿ ಫೋಟೋ ಬೇಕಾದರೆ ದಂಡೆಯ ಕಲ್ಲಿನ ಮೇಲೆ ಕೂತು, ಊರವರು ಬಟ್ಟೆ ಒಗೆಯುವ, ದನ ಮೈತೊಳೆಯುವ ಜಾಗದಲ್ಲಿ, ಅವರನ್ನೇ ಕೇಳಿ, ಚೀಲ ಹಿಡಿದ ಕೈಯಷ್ಟೇ ಅದ್ದಿ.

ನನ್ನ ಮಟ್ಟಿಗೆ ಈ ಮೂರು ಜಿಲ್ಲೆಗಳಲ್ಲಿ ನೀರೊಳಗಿನ ಬೆಳಕು ನೋಡಲು ಮಹಾಕೂಟದ ಪುಷ್ಕರಿಣಿಗೆ ಸಮನಾದದ್ದಿಲ್ಲ. ಅದು ಚಿಲುಮೆಯ ನೀರು. ಕೊಳದೊಳಗೇ ಮುಖಲಿಂಗವಿರುವ ಪುಟ್ಟ ಮಂಟಪ, ಸುತ್ತ ಚಾಲುಕ್ಯರ ಗುಡಿಗಳು, ಮೇಲೆ ಮರಗಳ ನೆರಳು. ಬಿಸಿಲು ಎಲೆಗಳ ನಡುವಿನಿಂದ ಇಳಿದು ನೀರಿಗೆ ಬಿದ್ದಾಗ ಕೋಲು ಕೋಲಾಗಿ ಕೆಳಗಿಳಿಯುತ್ತದೆ. ಹುಡುಗರು ಕಟ್ಟೆಯಿಂದ ಜಿಗಿದಾಗ ಅವರ ಮೈಸುತ್ತ ಬೆಳ್ಳನೆಯ ಗುಳ್ಳೆಗಳ ಗೊಂಚಲು ಏಳುತ್ತದೆ. ಅದನ್ನು ಕೆಳಗಿನಿಂದ ಹಿಡಿದರೆ ಆ ಚಿತ್ರಕ್ಕೆ ಬೇರೆ ಅಲಂಕಾರ ಬೇಡ. ನೀರೊಳಗಿನಿಂದ ನೆಟ್ಟಗೆ ಮೇಲೆ ನೋಡಿದರೆ ಇಡೀ ಆಕಾಶ, ಮರ, ಶಿಖರ ಸುಮಾರು 97 ಡಿಗ್ರಿಯ ಒಂದು ವೃತ್ತದೊಳಗೆ ಕುಗ್ಗಿ ಕಾಣುತ್ತದೆ, ಅದರಾಚೆಗೆ ನೀರಿನ ಮೇಲ್ಮೈ ಕನ್ನಡಿಯಾಗುತ್ತದೆ. ಬೆಳಕು ನೀರಿಗೆ ಬರುವಾಗ ಬಾಗುವುದರಿಂದ ಹೀಗೆ. ಸಾಮಾನ್ಯ ಲೆನ್ಸಿಗೆ ಆ ವೃತ್ತದ ಒಂದು ಭಾಗ ಮಾತ್ರ ಸಿಗುತ್ತದೆ, ಅಷ್ಟೇ ಸಾಕು.

ಆದರೆ ಅದು ದೇವಸ್ಥಾನ. ಜನ ಪುಣ್ಯಸ್ನಾನಕ್ಕೆ ಬರುತ್ತಾರೆ. ಅಲ್ಲಿಯವರ ಅನುಮತಿ ಕೇಳಿ, ಹೆಣ್ಣುಮಕ್ಕಳು ಸ್ನಾನ ಮಾಡುವ ಹೊತ್ತಿನಲ್ಲಿ ಕ್ಯಾಮೆರಾ ಹೊರಗೆ ತೆಗೆಯಲೇಬೇಡಿ, ಮಕ್ಕಳ ಫೋಟೋ ತೆಗೆಯುವ ಮುನ್ನ ಅವರ ಅಪ್ಪ-ಅವ್ವನನ್ನು ಕೇಳಿ. ಚೀಲ ಇದೆ ಎಂದ ಮಾತ್ರಕ್ಕೆ ಎಲ್ಲ ನೀರೂ ನಮ್ಮದಲ್ಲ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ವಿಜಯಪುರದ ತಾಜ್ ಬಾವಡಿ, ಚಾಂದ್ ಬಾವಡಿಗಳ ಬಗ್ಗೆಯೂ ಕೇಳುತ್ತಾರೆ. ಮೇಲಿನಿಂದ ಕಮಾನು, ಮೆಟ್ಟಿಲು ತೆಗೆಯಿರಿ, ಇಳಿಯಬೇಡಿ. ಬಾದಾಮಿಯ ಅಗಸ್ತ್ಯ ತೀರ್ಥವೂ ದಂಡೆಯಿಂದಲೇ ಚೆಂದ.

ನೀರೊಳಗ ಎಲ್ಲಾ ಹಸಿರು-ನೀಲಿ ಬರ್ತೈತಿ, ಸಾಮಾನು ದೊಡ್ಡದಾಗಿ ಕಾಣ್ತೈತಿ. ಕ್ಯಾಮೆರಾ ಕೆಟ್ಟೈತೇನು?

ಕೆಟ್ಟಿಲ್ಲ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು, ಕೆಲವೇ ಮೀಟರ್ ಒಳಗೆ ಅದು ತೀರ ಮಂಕಾಗುತ್ತದೆ. ಲೆಕ್ಕ ಹಿಡಿಯಬೇಕಾದದ್ದು ಆಳವನ್ನಷ್ಟೇ ಅಲ್ಲ, ಬೆಳಕು ವಸ್ತುವಿನಿಂದ ಕ್ಯಾಮೆರಾಕ್ಕೆ ಬರುವ ದಾರಿಯನ್ನೂ. ಹಾಗಾಗಿ ಹತ್ತಿರ ಹೋಗುವುದೇ ಮೊದಲ ಔಷಧ. ರಾ, ಅಂದರೆ ಕಚ್ಚಾ ಫೈಲಿನಲ್ಲಿ ತೆಗೆಯಿರಿ, ಮನೆಗೆ ಬಂದು ಬಣ್ಣ ಸರಿಮಾಡಬಹುದು. ಜೆಪೆಗ್‌ನಲ್ಲೇ ತೆಗೆಯುವವರು ನೀರೊಳಗೆ ಬಿಳಿ ವಸ್ತುವೊಂದನ್ನು ಹಿಡಿದು ವೈಟ್ ಬ್ಯಾಲೆನ್ಸ್ ಕೂರಿಸಿಕೊಳ್ಳಿ.

ದೊಡ್ಡದಾಗಿ ಕಾಣುವುದಕ್ಕೆ ಕಾರಣ ಚಪ್ಪಟೆ ಗಾಜು. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಸುಮಾರು 1.33. 1 ಮೀಟರ್ ದೂರದ ವಸ್ತು 75 ಸೆಂಟಿಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ, 24 ಮಿಲಿಮೀಟರ್ ಲೆನ್ಸು 32 ಮಿಲಿಮೀಟರ್ ಲೆನ್ಸಿನಂತೆ ನಡೆದುಕೊಳ್ಳುತ್ತದೆ. ಅಗಲದ ಲೆನ್ಸ್ ತನ್ನಿ ಎಂದು ಮೇಲೆ ಹೇಳಿದ್ದು ಇದಕ್ಕೇ. ಆಟೋಫೋಕಸ್ ತಾನಾಗಿ ಸರಿಹೊಂದಿಸಿಕೊಳ್ಳುತ್ತದೆ, ಕೈಯಿಂದ ಫೋಕಸ್ ಇಡುವವರು ನಿಜವಾದ ದೂರದ ಮುಕ್ಕಾಲಿಗೆ ಇಡಬೇಕು.

ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನ ಬೇಡ, ಏಕೆಂದರೆ ನೀವೂ ತೂಗಾಡುತ್ತೀರಿ, ಎದುರಿನವರೂ ತೂಗಾಡುತ್ತಾರೆ. ಬೆಳಕು ಬಿಡುವ ಕಿಂಡಿ ಎಫ್ 8, ಬೆಳಕಿನ ಸೂಕ್ಷ್ಮತೆ ಐಎಸ್‌ಒ 400ರಿಂದ 800 ಇಟ್ಟು ಶುರು ಮಾಡಿ. ಹೊತ್ತು ಬೆಳಿಗ್ಗೆ 10ರಿಂದ ಮಧ್ಯಾಹ್ನ 3. ನೆಲದ ಮೇಲೆ ಫೋಟೋಗ್ರಾಫರುಗಳು ಬೇಡವೆನ್ನುವ ನಡುಹಗಲಿನ ಬಿಸಿಲೇ ನೀರೊಳಗೆ ಬೇಕು. ಸೂರ್ಯ ಕೆಳಗಿಳಿದರೆ ಬೆಳಕು ಮೇಲ್ಮೈಯಿಂದಲೇ ಜಾರಿಹೋಗುತ್ತದೆ.

ಫ್ಲ್ಯಾಶ್ ಹಾಕಿದ್ರ?

ಬೇಡ. ಕ್ಯಾಮೆರಾದ ಮೇಲಿನ ಫ್ಲ್ಯಾಶು ಚೀಲದ ಹಾಳೆಗೇ ಬಡಿದು ಹಿಂದಿರುಗುತ್ತದೆ, ಉಳಿದದ್ದು ನೀರಿನ ಮಣ್ಣಿನ ಕಣಗಳನ್ನು ಬೆಳಗಿಸಿ ಚಿತ್ರದ ತುಂಬ ಬಿಳಿ ಚುಕ್ಕೆ ಮಾಡುತ್ತದೆ.

ಅರ್ಧ ನೀರು, ಅರ್ಧ ಮ್ಯಾಲೆ ಕಾಣೋ ಫೋಟೋ ಇದರಾಗ ಬರ್ತೈತೇನು?

ಬರುತ್ತದೆ, ಆದರೆ ಹಟ ಬೇಕು. ಗಾಜು ಚಿಕ್ಕದಿರುವುದರಿಂದ ನೀರಿನ ಗೆರೆ ದಪ್ಪವಾಗಿ ಬೀಳುತ್ತದೆ, ಕೆಳಗಿನ ಅರ್ಧ ಮೇಲಿನದಕ್ಕಿಂತ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಅಲೆಯಿಲ್ಲದ ನೀರು, ಅಗಲ ಲೆನ್ಸು, ಎಫ್ 11ರ ಆಸುಪಾಸು, ಒಂದೇ ಸಮ ತೆಗೆಯುವ ಬರ್ಸ್ಟ್. ಹತ್ತಾರರಲ್ಲಿ ಒಂದು ಸಿಕ್ಕರೂ ಸಾರ್ಥಕ.

ಗೋಕಾಕ ಫಾಲ್ಸಿಗೆ ಮಳೆಗಾಲದಾಗ ಹೊಂಟೀವಿ. ಚೀಲ ಬೇಕೇನು?

ತಪ್ಪದೆ ಒಯ್ಯಿರಿ. ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಬೀಳುವ ಜಾಗ. ನೀರು ತುಂಬಿದಾಗ ತುಂತುರು ಬಹುದೂರ ಹಾರಿ ಬರುತ್ತದೆ, ಕೊಡೆ ಹಿಡಿದರೂ ಲೆನ್ಸ್ ನೆನೆಯುತ್ತದೆ. ಇಲ್ಲಿ ಚೀಲದ ಬಾಯಿ ಬಿಗಿಗಿಂತ ಗಾಜಿನ ಮೇಲಿನ ಹನಿಯೇ ದೊಡ್ಡ ತಲೆನೋವು. ಒಂದು ಹನಿ ನಿಂತರೆ ಚಿತ್ರದ ನಡುವೆ ಮಸಕು ಚುಕ್ಕೆ. ಗಾಜನ್ನು ಬಂಡೆಯ ಕಡೆ, ಅಂದರೆ ಗಾಳಿಗೆ ಬೆನ್ನು ಮಾಡಿ ಹಿಡಿದು, ನೀರು ಹೀರುವ ಮೆತ್ತನೆಯ ಶಾಮಿ ಬಟ್ಟೆಯಲ್ಲಿ ಒರೆಸಿ, ಅಲ್ಲಿಂದ ತಿರುಗಿ ತಕ್ಷಣ ತೆಗೆಯಿರಿ. ನೀರು ರೇಷ್ಮೆಯಂತೆ ಬರಲಿ ಎಂದು ಶಟರ್ ನಿಧಾನ ಮಾಡುವವರು ಚೀಲವನ್ನು ಕೈಯಲ್ಲಿ ಹಿಡಿಯದೆ ಕಟ್ಟೆಯ ಮೇಲೆ ಊರಿ ಟೈಮರ್ ಹಾಕಿ.

ಗೊಡಚಿನಮಲ್ಕಿ ಜಲಪಾತದಲ್ಲಿ, ಗೋಕಾಕಿನಲ್ಲಿ ಎರಡೂ ಕಡೆ ಬಂಡೆ ಪಾಚಿಗಟ್ಟಿರುತ್ತದೆ. ಅಣೆಕಟ್ಟಿನಿಂದ ನೀರು ಬಿಟ್ಟರೆ ಹರಿವು ಹಠಾತ್ತನೆ ಏರುತ್ತದೆ. ಕಂಬಿಯ ಆಚೆ ಹೋದ ಫೋಟೋ ಯಾರಿಗೂ ಬೇಕಿಲ್ಲ.

ಬಾಗಲಕೋಟೆ ಹೋಳಿಗೆ ಬರೀ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡ್ರ ನಡಿಯಂಗಿಲ್ಲೇನು?

ಮಾಳಿಗೆಯ ಮೇಲೆ ನಿಂತು ತೆಗೆಯುವವರಿಗೆ ನಡೆಯುತ್ತದೆ. ಲೆನ್ಸಿಗೆ ಯುವಿ ಫಿಲ್ಟರ್ ಹಾಕಿ, ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಅಷ್ಟು ಸಾಕು. ಆದರೆ ಬೀದಿಗೆ ಇಳಿದರೆ ಕಥೆಯೇ ಬೇರೆ. ನಮ್ಮೂರಿನ ಓಕುಳಿ ಪಿಚಕಾರಿಯದ್ದಲ್ಲ. ಬಂಡಿ, ಟ್ರ್ಯಾಕ್ಟರುಗಳ ಮೇಲೆ ಬ್ಯಾರೆಲ್‌ಗಟ್ಟಲೆ ಬಣ್ಣ ಹೇರಿಕೊಂಡು ಬರುತ್ತಾರೆ, ಎದುರು ಬಂದ ಬಂಡಿಯವರ ಮೇಲೆ ಕೊಡಗಟ್ಟಲೆ ಎರಚುತ್ತಾರೆ, ಹಲಗೆಯ ಸದ್ದು ಎದೆಗೆ ಬಡಿಯುತ್ತಿರುತ್ತದೆ. ಅದರ ನಡುವೆ ನಿಂತು ಎರಚಿದ ಬಣ್ಣದ ಹಾಳೆ ಗಾಳಿಯಲ್ಲಿ ಬಿಚ್ಚಿಕೊಳ್ಳುವುದನ್ನು ಹಿಡಿಯಬೇಕಾದರೆ ಕ್ಯಾಮೆರಾ ಪೂರ್ತಿ ಮುಚ್ಚಿರಬೇಕು. ಮೆತ್ತನೆಯ ಚೀಲ ಕೊಂಡದ್ದಕ್ಕೆ ನನಗೆ ಅತಿ ಹೆಚ್ಚು ತೃಪ್ತಿ ಸಿಗುವ ಜಾಗ ಇದೇ.

ಶಟರ್ 1/1000ಕ್ಕೆ ಇಡಿ. ಬೆಳಕಿನ ಎದುರಿಗೆ ನಿಲ್ಲಿ, ಸೂರ್ಯ ಬಣ್ಣದ ನೀರಿನ ಹಿಂದೆ ಇದ್ದರೆ ಒಂದೊಂದು ಹನಿಯೂ ಹೊಳೆಯುತ್ತದೆ. ಸೊಂಟಕ್ಕೆ ಒಂದು ಬಾಟಲಿ ಶುದ್ಧ ನೀರು ಕಟ್ಟಿಕೊಂಡಿರಿ. ಗಾಜಿನ ಮೇಲೆ ಬಣ್ಣ ಬಿದ್ದರೆ ಮೊದಲು ನೀರು ಸುರಿದು ತೊಳೆಯಿರಿ, ಆಮೇಲೆ ಒತ್ತಿ ಒರೆಸಿ. ಒಣ ಪುಡಿಯನ್ನು ಬಟ್ಟೆಯಿಂದ ತಿಕ್ಕಿದರೆ ಗಾಜು ಗೀರುತ್ತದೆ. ಬಣ್ಣದಾಟ ಮುಗಿಯುವ ತನಕ ಚೀಲ ತೆರೆಯಬೇಡಿ, ಬ್ಯಾಟರಿ ಮತ್ತು ಕಾರ್ಡು ಮೊದಲೇ ತುಂಬಿಕೊಂಡು ಹೋಗಿ. ಪಿವಿಸಿ ಹಾಳೆಗೆ ಹತ್ತಿದ ಬಣ್ಣದ ಕಲೆ ಪೂರ್ತಿ ಹೋಗುವುದಿಲ್ಲ. ಗಾಜು ಸ್ವಚ್ಛ ಇದ್ದರೆ ಅದರಿಂದ ತೊಂದರೆಯೇನಿಲ್ಲ.

ಯಲ್ಲಮ್ಮನ ಗುಡ್ಡಕ್ಕ ನೀರಿಲ್ಲಲ್ರಿ, ಅಲ್ಲಿಗ್ಯಾಕ ಚೀಲ?

ಭಂಡಾರಕ್ಕೆ. ಸವದತ್ತಿಯ ಗುಡ್ಡದಲ್ಲಿ ಹುಣ್ಣಿಮೆಗೆ, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ, ಉಧೋ ಉಧೋ ಎನ್ನುತ್ತ ಭಂಡಾರ ತೂರಿದಾಗ ಗಾಳಿಯೇ ಹಳದಿಯಾಗುತ್ತದೆ. ಅರಿಸಿನದ ಪುಡಿ ಅತಿ ನುಣುಪು. ಲೆನ್ಸಿನ ಜೂಮ್ ಸಂದಿಗೆ, ಬಟನ್‌ಗಳ ಸುತ್ತಕ್ಕೆ ಹೋಗಿ ಕೂತರೆ ತೆಗೆಯುವುದು ಕಷ್ಟ. ಜಾತ್ರೆಯ ನಡುವೆ ಲೆನ್ಸ್ ಬಿಚ್ಚಿ ಬದಲಾಯಿಸಿದರೆ ಸೆನ್ಸರಿನ ಮೇಲೇ ಕೂಡುತ್ತದೆ. ಚೀಲದೊಳಗೆ ಒಂದೇ ಲೆನ್ಸ್ ಇಟ್ಟು ಇಡೀ ಜಾತ್ರೆ ಮುಗಿಸಿ. ಒಣ ಪುಡಿ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದರಿಂದ ತೆರೆಯುವ ಮುನ್ನ ಹೊರಮೈಯನ್ನು ನೀರಿನಿಂದ ತೊಳೆದು ಒಣಗಿಸಿ.

ವಿಜಯಪುರದ ಬಿಸಿಲಿಗೆ ಏನಾಗ್ತೈತಿ?

ಹೆಚ್ಚಿನ ಕ್ಯಾಮೆರಾಗಳು 40 ಡಿಗ್ರಿ ಸೆಲ್ಸಿಯಸ್ ತನಕ ಕೆಲಸ ಮಾಡುವಂತೆ ತಯಾರಾಗಿರುತ್ತವೆ. ಏಪ್ರಿಲ್, ಮೇಯಲ್ಲಿ ನಮ್ಮ ಕಡೆ ನೆರಳಿನಲ್ಲೇ ಅಷ್ಟು ದಾಟುತ್ತದೆ. ಮುಚ್ಚಿದ ಚೀಲದೊಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲ, ವಿಡಿಯೋ ಮಾಡುತ್ತಿದ್ದರೆ ಕ್ಯಾಮೆರಾ ತಾನೇ ಬಂದಾಗುತ್ತದೆ. ಬಿಳಿ ಒದ್ದೆ ಪಂಚೆಯಲ್ಲಿ ಸುತ್ತಿ ನೆರಳಿಗಿಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಎಂದೂ ಇಡಬೇಡಿ, ಹಾಳೆ ಮೆತ್ತಗಾಗಿ ಗಾಜಿನ ಜೋಡಣೆ ಸಡಿಲಾಗಬಹುದು.

ಮೊಬೈಲ್ ನೀರಾಗ ಟಚ್ ತಗೊಳ್ಳಂಗಿಲ್ಲ.

ನೀರೂ ವಿದ್ಯುತ್ತು ಹರಿಸುವುದರಿಂದ ಪರದೆಗೆ ಬೆರಳು ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ. ವಾಲ್ಯೂಮ್ ಬಟನ್ನಿನಿಂದ ಫೋಟೋ ತೆಗೆಯುವಂತೆ ಮೊದಲೇ ಸೆಟ್ ಮಾಡಿ, ವಿಡಿಯೋ ಆದರೆ ದಂಡೆಯಲ್ಲೇ ಆನ್ ಮಾಡಿಕೊಂಡು ಇಳಿಯಿರಿ. ಧೂಳು, ನೀರು ತಡೆಯುವ ಐಪಿ 68 ಗುರುತು ಇರುವ ಫೋನಿಗೂ ಪೌಚ್ ಹಾಕಿ. ನೀರಿನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ಬೆಳಗಾವಿಯಿಂದ ತಾರ್ಕರ್ಲಿ, ಇಲ್ಲಾ ನೇತ್ರಾಣಿಗೆ ಸ್ಕೂಬಾಕ್ಕ ಹೊಂಟೀವಿ. ಈ ಚೀಲ ಒಯ್ಯಬಹುದೇನು?

ಮೊದಲ ಸಲ ಸ್ಕೂಬಾ ಮಾಡುವವರನ್ನು ಸಾಮಾನ್ಯವಾಗಿ 12 ಮೀಟರ್‌ಗಿಂತ ಕೆಳಗೆ ಒಯ್ಯುವುದಿಲ್ಲ. 5 ಮೀಟರಿನ ಚೀಲ ಅಲ್ಲಿ ಸಾಲದು, 20 ಮೀಟರಿನದಾದರೆ ಸರಿ. ಆದರೂ ನನ್ನ ಮಾತು ಕೇಳುವುದಾದರೆ ಮೊದಲ ಸಲ ಕ್ಯಾಮೆರಾ ದೋಣಿಯಲ್ಲೇ ಬಿಡಿ. ಉಸಿರಾಟ, ಕಿವಿಯ ಒತ್ತಡ, ಜೊತೆಯವರ ಸನ್ನೆ ಇಷ್ಟಕ್ಕೇ ಗಮನ ಬೇಕು. ಮೇಲೆ ತೇಲುತ್ತ ಸ್ನಾರ್ಕೆಲ್ ಮಾಡುವಾಗ ಚೀಲ ಚೆನ್ನಾಗಿ ಒದಗುತ್ತದೆ. ಮಳೆಗಾಲದಲ್ಲಿ ಎರಡೂ ಕಡೆ ಸಮುದ್ರಕ್ಕೆ ಬಿಡುವುದಿಲ್ಲ.

ಉಪ್ಪುನೀರಿಗೆ ಹೋಗಿ ಬಂದ ಮ್ಯಾಲೆ?

ಚೀಲ ತೆರೆಯುವ ಮುನ್ನವೇ ಸಿಹಿನೀರಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ಅದ್ದಿಡಿ, ಸ್ಕ್ರೂ ತಿರುವುಗಳಲ್ಲಿ ಉಪ್ಪು ಒಣಗಲು ಬಿಡಬೇಡಿ. ನೆರಳಿನಲ್ಲಿ ಒಣಗಿಸಿ. ಮೆದು ಸೋಪು ಸಾಕು, ಪೆಟ್ರೋಲ್, ಥಿನ್ನರ್, ಸ್ಪಿರಿಟ್ ಮುಟ್ಟಿಸಬೇಡಿ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಕ್ರೀಮು ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ, ಹಚ್ಚಿಕೊಂಡ ಕೈ ತೊಳೆದು ಚೀಲ ಹಿಡಿಯಿರಿ. ಎತ್ತಿಡುವಾಗ ಮಡಚಿ ಗೆರೆ ಬೀಳಿಸದೆ, ಒಳಗೆ ಹಳೆಯ ಹತ್ತಿ ಬಟ್ಟೆ ತುಂಬಿ ಸಡಿಲಾಗಿಡಿ. ಸಾಂಬ್ರಾದಿಂದ ವಿಮಾನ ಹತ್ತುವವರು ಬಾಯಿ ಬಿಗಿ ಮಾಡಿದ ಚೀಲ ಒಯ್ಯಬೇಡಿ, ಮೇಲೆ ಹೋದಂತೆ ಒಳಗಿನ ಗಾಳಿ ಹಿಗ್ಗುತ್ತದೆ.

ಒಳಗ ನೀರ ಹೊಕ್ಕೈತಿ! ಏನ್ ಮಾಡ್ಲಿ?

ಮೊದಲು ನೀರಿನಿಂದ ಮೇಲೆ ತನ್ನಿ. ನೀರು ಕೆಳಗಿನ ಮೂಲೆಯಲ್ಲಿ ಸೇರುವಂತೆ ಚೀಲ ನೆಟ್ಟಗೆ ಹಿಡಿಯಿರಿ, ಅಲ್ಲಾಡಿಸಬೇಡಿ. ಹೊರಗೆ ಒರೆಸಿ, ತೆರೆದು, ಕ್ಯಾಮೆರಾ ಬಂದ್ ಮಾಡಿ ಕೂಡಲೇ ಬ್ಯಾಟರಿ ಮತ್ತು ಕಾರ್ಡು ತೆಗೆಯಿರಿ. ‘ನಡಿತೈತೋ ಇಲ್ಲೋ ನೋಡೋಣ’ ಎಂದು ಆನ್ ಮಾಡಬೇಡಿ, ಕ್ಯಾಮೆರಾ ಸುಡುವುದು ಆ ಕ್ಷಣದಲ್ಲೇ. ಅಕ್ಕಿಯಲ್ಲಿ ಹೂಳುವುದರಿಂದ ದೊಡ್ಡ ಲಾಭವಿಲ್ಲ, ಅಕ್ಕಿಯ ಹಿಟ್ಟು ಸಂದಿಗೆ ಹೋಗುತ್ತದೆ. ಫ್ಯಾನಿನ ಗಾಳಿ, ಸಿಲಿಕಾ ಜೆಲ್ ಮೇಲು. ಉಪ್ಪುನೀರು ಹೊಕ್ಕಿದ್ದರೆ ಕಾಯದೆ ರಿಪೇರಿಯವರ ಹತ್ತಿರ ಒಯ್ಯಿರಿ.

ಸಣ್ಣ ತೂತ ಬಿದ್ದೈತಿ. ಸೊಲ್ಯೂಷನ್ ಹಚ್ಚಿ ಮುಚ್ಚಬಹುದೇನು? ಸೆಕೆಂಡ್ ಹ್ಯಾಂಡ್ ತಗೊಂಡ್ರ?

ಸೈಕಲ್ ಟ್ಯೂಬಿನ ಸೊಲ್ಯೂಷನ್ ಇರುವುದು ರಬ್ಬರಿಗೆ, ಪಿವಿಸಿಗೆ ಅದು ಹಿಡಿಯುವುದಿಲ್ಲ. ವಿನೈಲ್ ಅಂಟು ಮತ್ತು ಅದೇ ಹಾಳೆಯ ತುಂಡು ಬೇಕು. ಹಚ್ಚಿದ ಮೇಲೂ ಆ ಚೀಲವನ್ನು ನಾನು ನೀರಿಗೆ ಇಳಿಸುವುದಿಲ್ಲ, ಭಂಡಾರಕ್ಕೆ, ಮಳೆಗೆ ಇಟ್ಟುಕೊಳ್ಳುತ್ತೇನೆ. ಸೆಕೆಂಡ್ ಹ್ಯಾಂಡ್ ಚೀಲ ಕೊಳ್ಳುವಾಗ ಗಾಜಿನ ಸುತ್ತಲಿನ ಜೋಡಣೆ ಹಳದಿಗಟ್ಟಿದೆಯೇ, ಹಾಳೆ ಬಿರುಸಾಗಿದೆಯೇ, ಪಟ್ಟಿಯ ಹಲ್ಲು ಒಂದಾದರೂ ಮುರಿದಿದೆಯೇ ನೋಡಿ. ಮಾರುವವರ ಮನೆಯಲ್ಲೇ ಬಕೆಟ್ ನೀರು ಕೇಳಿ, ಟಿಶ್ಯೂ ಹಾಕಿ ಅದ್ದಿ ನೋಡಿ. ಅದಕ್ಕೆ ಒಪ್ಪದಿದ್ದರೆ ಆ ಚೀಲ ಅಲ್ಲೇ ಬಿಟ್ಟು ಬನ್ನಿ.